ನೊಣಬೋನಿನ ಹೂವು ಮತ್ತು ಬೀಜ

ತೋರಣಗಲ್ಲಿನ ಮಿತ್ರರೊಬ್ಬರು ಅಂಚೆಯ ಮೂಲಕ ಒಂದು ಸಣ್ಣ ಬೀಜದ ಪೊಟ್ಟಣವನ್ನು ತರಿಸಿದ್ದರು. ಅದರ ಮೇಲೆ ಕಡುಗೆಂಪಾದ ವೀನಸ್ ಫ್ಲೈಟ್ರ್ಯಾಪ್ ಗಿಡದ ಚಿತ್ರ; ಕೆಳಗೆ ‘ಅಕಾಯ್ ರ್ಯೂ’ ಎಂಬ ತಳಿಯ ಹೆಸರು. ಜಪಾನೀ ಭಾಷೆಯಲ್ಲಿ ಹಾಗೆಂದರೆ ಕೆಂಪು ಡ್ರ್ಯಾಗನ್. ಬೀಜಗಳಲ್ಲಿ ಕೆಲವು ಮೊಳೆತವು. ಆದರೆ ತಿಂಗಳುಗಳು ಕಳೆದರೂ ಸಸಿಗಳು ಹಸಿರಾಗಿಯೇ ಉಳಿದವು. “ಕೆಂಪೇರುವುದಕ್ಕೆ ಯಾವ ಗೊಬ್ಬರ ಹಾಕಬೇಕು?” ಎಂದು ಅವರು ಕೇಳಿದರು. ಗೊಬ್ಬರ ಹಾಕಿದರೆ ಈ ಗಿಡ ಕೆಂಪಾಗುವುದಿರಲಿ, ಬದುಕುವುದೇ ಕಷ್ಟ. ಅವರ ಪ್ರಶ್ನೆಗೆ ಉತ್ತರವಿರುವುದು ಮಣ್ಣಿನಲ್ಲಲ್ಲ, ಹೂವಿನಲ್ಲಿ.

ನೊಣಬೋನು ಎಂದು ನಾವು ಕರೆಯಬಹುದಾದ ಈ ಕೀಟಾಹಾರಿ ಸಸ್ಯದ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಗಳ ಜೌಗು ಬಯಲು. ಗವರ್ನರ್ ಆರ್ಥರ್ ಡಾಬ್ಸ್ 1759ರಲ್ಲಿ ಪತ್ರವೊಂದರಲ್ಲಿ ಇದರ ಪ್ರಸ್ತಾಪ ಮಾಡಿದರು. ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಮೇಲೆ ಬರೆದ ಗ್ರಂಥದಲ್ಲಿ ಇದಕ್ಕೆ ವಿಶೇಷ ಸ್ಥಾನ ಕೊಟ್ಟರು. ಎಲೆಯ ಎರಡು ಹಾಳೆಗಳು ಥಟ್ಟನೆ ಮುಚ್ಚಿಕೊಂಡು ಕೀಟವನ್ನು ಸೆರೆಹಿಡಿಯುವ ಚೋದ್ಯವನ್ನು ಓದುಗರು ಬಲ್ಲರು. ಅದೇ ಗಿಡ ವಸಂತದಲ್ಲಿ ಹೂಬಿಡುತ್ತದೆಂಬುದನ್ನು ಗಮನಿಸುವವರು ಕಡಿಮೆ.

ಕೀಟವನ್ನು ತಿನ್ನುವ ಗಿಡಕ್ಕೆ ಪರಾಗಸ್ಪರ್ಶಕ್ಕೂ ಕೀಟವೇ ಬೇಕು. ಅತಿಥಿಯನ್ನೇ ಊಟ ಮಾಡಿದರೆ ವಂಶ ಬೆಳೆಯುವುದೆಂತು? ನೆಲಕ್ಕೆ ಅಂಟಿದಂತಿರುವ ಬೋನುಗಳಿಂದ ಬಹು ಮೇಲೆ, ಗೇಣುದ್ದಕ್ಕೂ ಮಿಕ್ಕ ದಂಟಿನ ತುದಿಯಲ್ಲಿ, ಐದು ದಳಗಳ ಬಿಳಿಯ ಹೂಗಳು ಅರಳುತ್ತವೆ. ಕ್ಯಾರೊಲಿನದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಹೂಗಳಿಗೆ ಬಂದ ಕೀಟಗಳನ್ನೂ ಬೋನುಗಳಲ್ಲಿ ಸಿಕ್ಕವನ್ನೂ ಹೋಲಿಸಿ ನೋಡಿದರು. ಪರಾಗವನ್ನು ಹೆಚ್ಚಾಗಿ ಸಾಗಿಸುವ ಒಂದು ಸಣ್ಣ ಜೇನುಜಾತಿಯ ನೊಣ ಮತ್ತು ಎರಡು ಬಗೆಯ ದುಂಬಿಗಳು ಬೋನುಗಳಲ್ಲಿ ಕಾಣಲೇ ಇಲ್ಲ. ಅಲ್ಲಿ ಜೇಡ, ಇರುವೆ ಮುಂತಾದವೇ ಬಹಳವಾಗಿದ್ದವು. ದಂಟಿನ ಎತ್ತರವಲ್ಲದೆ ಬಣ್ಣ, ವಾಸನೆಗಳೂ ಇದಕ್ಕೆ ಕಾರಣವಿರಬಹುದು.

ಹೂವಿನೊಳಗೂ ಒಂದು ಏರ್ಪಾಡಿದೆ. ಮೊದಲು ಪರಾಗಕೋಶಗಳು ಒಡೆದು ಪರಾಗ ಉದುರುತ್ತದೆ. ಆಗ ಶಲಾಕಾಗ್ರವಿನ್ನೂ ಅಪಕ್ವ. ಒಂದೆರಡು ದಿನಗಳ ಮೇಲೆ ಅದರ ತುದಿ ಕುಚ್ಚಿನಂತೆ ಬಿಚ್ಚಿಕೊಂಡು ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತದೆ. ಹೀಗೆ ಹೂವು ತನ್ನ ಪರಾಗವನ್ನೇ ತಾನು ಪಡೆಯುವ ಸಂಭವ ಕಡಿಮೆಯಾಗಿ, ಬೇರೆ ಹೂವಿನದಕ್ಕೆ ಅವಕಾಶ ಹೆಚ್ಚುತ್ತದೆ. ಮನೆಯಲ್ಲಿ ಬೆಳೆಸುವವರು ಎಳೆಯ ಹೂವಿನ ಪರಾಗವನ್ನು ಮೆತ್ತನೆಯ ಕುಂಚದಿಂದ ಬಲಿತ ಹೂವಿಗೆ ಮುಟ್ಟಿಸುತ್ತಾರೆ. ನಾಲ್ಕರಿಂದ ಆರು ವಾರಗಳಲ್ಲಿ ಕಾಯಿ ಒಣಗಿ, ಹೊಳೆಯುವ ಕಪ್ಪು ಬೀಜಗಳು ಕಾಣಿಸಿಕೊಳ್ಳುತ್ತವೆ. ಅವು ಸಾಸಿವೆಗಿಂತ ದೊಡ್ಡವೇನಲ್ಲ.

ನಮ್ಮ ಮಿತ್ರರ ಪೊಟ್ಟಣದ ಗುಟ್ಟು ಇಲ್ಲಿದೆ. ಬೀಜದಲ್ಲಿ ತಾಯಿಯ ಗುಣಗಳಷ್ಟೇ ಇರುವುದಿಲ್ಲ. ತಂದೆಯದೂ ಬೆರೆತು, ಇಬ್ಬರಲ್ಲಿಯೂ ಅಡಗಿದ್ದುವು ಹೊಸ ರೀತಿಯಲ್ಲಿ ಹಂಚಿಹೋಗುತ್ತವೆ. ಅಕಾಯ್ ರ್ಯೂ ತಳಿಯ ಹೂವಿಗೆ ಅದೇ ಗಿಡದ ಪರಾಗವನ್ನು ಹಚ್ಚಿದರೂ ಸಂತತಿಯೆಲ್ಲ ಅದೇ ಕೆಂಪನ್ನು ತಾಳುವುದೆಂಬ ಭರವಸೆಯಿಲ್ಲ. ಇದು ನಮ್ಮ ರೈತರಿಗೆ ಹೊಸ ಮಾತಲ್ಲ. ಬಾದಾಮಿ ಮಾವಿನ ಗೊರಟೆಯಿಂದ ಬಾದಾಮಿಯೇ ಬರುವುದೆಂದು ಯಾರೂ ನಂಬುವುದಿಲ್ಲ, ಕಸಿ ಕಟ್ಟುತ್ತಾರೆ. ಕಂಪ್ಲಿಯ ಗದ್ದೆಗಳಲ್ಲಿ ಕಬ್ಬನ್ನು ಗಣ್ಣುಳ್ಳ ತುಂಡುಗಳಿಂದ ನೆಡುತ್ತಾರೆಯೇ ಹೊರತು ಬೀಜ ಬಿತ್ತುವುದಿಲ್ಲ. ನೊಣಬೋನಿನ ಹೆಸರಾಂತ ತಳಿಗಳನ್ನೂ ಹಾಗೆಯೇ ಗೆಡ್ಡೆಯನ್ನು ಬಿಡಿಸಿ, ಬುಡಸಮೇತ ಎಲೆಯನ್ನು ನಾಟಿ, ಅಥವಾ ಪ್ರಯೋಗಾಲಯದ ಅಂಗಾಂಶ ಕೃಷಿಯಿಂದ ಹೆಚ್ಚಿಸಬೇಕು. ಬೀಜದಿಂದ ಬಂದ ಸಸಿಗೆ ತಳಿಯ ಹೆಸರನ್ನಿಟ್ಟು ಮಾರುವುದು ಅಜ್ಞಾನವಲ್ಲದಿದ್ದರೆ ಮೋಸ.

ಹಾಗೆಂದು ಬೀಜವನ್ನು ಹಳಿಯಬಾರದು. ಹೊಸ ಬಗೆಗಳು ಹೆಚ್ಚಾಗಿ ಹುಟ್ಟುವುದು ಬೀಜದ ಈ ಬೆರಕೆಯಿಂದಲೇ. ಕಾಡಿನಲ್ಲಿ ಈ ಜಾತಿಗೆ ಮುಂದಿನ ಪೀಳಿಗೆಯ ಆಸರೆಯೂ ಅದೇ. ಗಿಡಗಳನ್ನು ಕಿತ್ತು ಮಾರುವವರ ಹಾವಳಿ ಎಷ್ಟಿತ್ತೆಂದರೆ, ಉತ್ತರ ಕ್ಯಾರೊಲಿನ 2014ರಲ್ಲಿ ಆ ಕಳ್ಳತನವನ್ನು ಘೋರ ಅಪರಾಧವೆಂದು ಗಣಿಸಿತು.

ನಮ್ಮ ನಾಡಿನಲ್ಲಿಯೂ ಇದರ ಬಂಧುಗಳುಂಟು. ಮಳೆಗಾಲ ಮುಗಿಯುವ ಹೊತ್ತಿಗೆ ಕರ್ನಾಟಕದ ತೇವದ ಬಯಲುಗಳಲ್ಲಿ ಅಂಟಿನ ಹನಿಗಳಿಂದ ಹೊಳೆಯುವ ಡ್ರಾಸೆರ ಇಂಡಿಕ, ಡ್ರಾಸೆರ ಬರ್ಮನೈ ಎಂಬ ಪುಟ್ಟ ಗಿಡಗಳನ್ನು ಕಾಣಬಹುದು. ಇವು ತಮ್ಮ ಪರಾಗದಿಂದಲೇ ಬೀಜ ಕಟ್ಟಬಲ್ಲವು. ಆದ್ದರಿಂದ ಸಂತತಿಯಲ್ಲಿ ವ್ಯತ್ಯಾಸವೂ ಅಲ್ಪ. ನೆಲ ಒಣಗಿದಾಗ ಗಿಡ ಸಾಯುತ್ತದೆ, ಬೀಜ ಬೇಸಗೆಯನ್ನು ದಾಟುತ್ತದೆ.

ನೊಣಬೋನಿಗೆ ಆ ಉಪಾಯವಿಲ್ಲ. ಅದು ಬಹುವಾರ್ಷಿಕ, ಅದಕ್ಕೆ ಮೂರು ತಿಂಗಳ ಚಳಿಯ ನಿದ್ರೆ ಬೇಕು. ತೋರಣಗಲ್ಲಿನ ಚಳಿಗಾಲ ಅದಕ್ಕೆ ಸಾಲದು; ಗೆಡ್ಡೆಯನ್ನು ಒದ್ದೆ ಹಾವಸೆಯಲ್ಲಿ ಸುತ್ತಿ ಶೀತಕದಲ್ಲಿಡುವುದುಂಟು. ಲವಣಭರಿತ ಕೊಳವೆ ಬಾವಿಯ ನೀರು ಸಲ್ಲದು, ಮಳೆನೀರೇ ಬೇಕು. ಬೀಜವನ್ನು ಹೂಳದೆ ಪೀಟ್ ಮಣ್ಣಿನ ಮೇಲೆ ಉದುರಿಸಬೇಕು. ಸಸಿ ಬಲಿಯಲು ಮೂರರಿಂದ ಐದು ವರ್ಷ ಹಿಡಿಯುತ್ತದೆ. ದುರ್ಬಲ ಗಿಡ ಹೂದಂಟನ್ನೆತ್ತಿದರೆ ಮೊದಲಲ್ಲೇ ಚಿವುಟುವುದು ಕ್ಷೇಮ, ಏಕೆಂದರೆ ಹೂಬಿಡುವ ಶ್ರಮದಲ್ಲಿ ಅದು ಸೊರಗುತ್ತದೆ.

ಮಿತ್ರರ ಸಸಿಗಳಲ್ಲಿ ಈಗ ಮೂರು ಉಳಿದಿವೆ. ಒಂದರ ಬೋನಿನ ಒಳಮೈ ತುಸು ಕೆಂಪಾಗಿದೆ. ಅವರು ಕುಂಡದ ಹೆಸರುಚೀಟಿಯನ್ನು ಕಿತ್ತು, ಬಿತ್ತಿದ ತಾರೀಖನ್ನು ಮಾತ್ರ ಬರೆದಿಟ್ಟಿದ್ದಾರೆ.