ಭೂಕಂಪನ ಅಲೆಗಳಿಂದ ಭೂಗರ್ಭದ ಚಿತ್ರಣ: ಮನೆ ಕಟ್ಟುವವರಿಗೆ ಮಾಹಿತಿ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ)

ಭೂಮಿಯ ಹೊರಕವಚವು ಹಲವು ಬೃಹತ್ ಫಲಕಗಳಿಂದ ಕೂಡಿದೆ. ಒಂದು ಫಲಕವು ಮತ್ತೊಂದರ ಅಡಿಗೆ ಜಾರುವ ಸಾಗರತಳದ ಗಡಿಗಳಲ್ಲಿ ಅತಿ ದೊಡ್ಡ ಭೂಕಂಪಗಳು ಸಂಭವಿಸುತ್ತವೆ. 2004ರ ಡಿಸೆಂಬರ್ 26ರಂದು ಸುನಾಮಿಗೆ ಕಾರಣವಾದ ಸುಮಾತ್ರಾ ಭೂಕಂಪವು (ಪ್ರಮಾಣ 9.1) ಈ ಬಗೆಯದು. ಇಂತಹ ಗಡಿಗಳನ್ನು ಅರಿಯಲು ಹಡಗಿನಿಂದ ನೀರಿನೊಳಗೆ ಒತ್ತಡದ ಗಾಳಿಯನ್ನು ಸಿಡಿಸಿ, ಶಿಲಾಪದರಗಳಿಂದ ಮರಳುವ ಅಲೆಗಳನ್ನು ದಾಖಲಿಸಲಾಗುತ್ತದೆ. ಅಲೆಯು ಮರಳಲು ತೆಗೆದುಕೊಂಡ ಸಮಯದಿಂದ ಪದರಗಳ ಆಳವನ್ನು ಲೆಕ್ಕ ಹಾಕಲಾಗುತ್ತದೆ.

ನೆಲದ ಮೇಲೆಯೂ ಇದೇ ತತ್ವವನ್ನು ಬಳಸಲಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ, ಸುಮಾರು 600 ಕಿ.ಮೀ. ಉದ್ದಕ್ಕೆ, ಸ್ಫೋಟಗಳ ನೆರವಿನಿಂದ ಅಧ್ಯಯನ ನಡೆಸಿತು. ಕರ್ನಾಟಕದ ನೆಲದಡಿಯ ಹೊರಕವಚವು ಸುಮಾರು 34ರಿಂದ 41 ಕಿ.ಮೀ. ದಪ್ಪವಿದ್ದು, ಅದರಲ್ಲಿ ಆಳವಾದ ಸ್ತರಭಂಗಗಳೂ ಇರುವುದು ಇದರಿಂದ ತಿಳಿದುಬಂದಿತು.

ನಮ್ಮ ತಾಲ್ಲೂಕುಗಳ ಅಡಿಯಲ್ಲಿ ಫಲಕಗಳ ಗಡಿ ಇಲ್ಲ. ಆದುದರಿಂದ ಇಲ್ಲಿ ಸುಮಾತ್ರಾದಂತಹ ಭೂಕಂಪದ ಭಯ ಅನಗತ್ಯ. ಆದರೆ ಅಪಾಯವೇ ಇಲ್ಲವೆಂದು ಭಾವಿಸಬಾರದು. ನೆರೆಯ ಮಹಾರಾಷ್ಟ್ರದಲ್ಲಿ 1967ರಲ್ಲಿ ಕೊಯ್ನಾ, 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಭೂಕಂಪಗಳು ಸಂಭವಿಸಿದವು. ಅಂದಿನ ನಕ್ಷೆಯಲ್ಲಿ ಕಿಲ್ಲಾರಿಯು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಹಾಗೂ ಭಾರವಾದ ಮಣ್ಣಿನ ಮಾಳಿಗೆಗಳು ಕುಸಿದು ಸಾವಿರಾರು ಜನ ಮೃತಪಟ್ಟರು. ಅಂತಹ ಮನೆಗಳು ನಮ್ಮ ಗ್ರಾಮಗಳಲ್ಲಿಯೂ ಇವೆ. 2002ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕ ಐ.ಎಸ್. 1893ರಲ್ಲಿ ಬೆಳಗಾವಿಯನ್ನು ಮಧ್ಯಮ ಅಪಾಯದ ಮೂರನೇ ವಲಯಕ್ಕೆ ಸೇರಿಸಲಾಯಿತು.

ಭೂಗರ್ಭದ ಚಿತ್ರಣವು ದುರ್ಬಲ ಸ್ಥಳಗಳನ್ನು ತೋರಿಸಬಲ್ಲದು. ಭೂಕಂಪದ ದಿನಾಂಕವನ್ನು ತಿಳಿಸಲಾರದು. ಆದ್ದರಿಂದ ಮುನ್ನೆಚ್ಚರಿಕೆಯೇ ರಕ್ಷಣೆ.

ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವವರು ನಕ್ಷೆ ತಯಾರಿಸುವ ಹಂತದಲ್ಲಿಯೇ ಅಭಿಯಂತರರೊಂದಿಗೆ ಈ ಅಂಶಗಳನ್ನು ಚರ್ಚಿಸುವುದು ಸೂಕ್ತ:

1. ತಳಪಾಯದ ಮೇಲ್ಮಟ್ಟ, ಬಾಗಿಲು-ಕಿಟಕಿಗಳ ಮೇಲ್ಮಟ್ಟ ಹಾಗೂ ಛಾವಣಿ ಮಟ್ಟದಲ್ಲಿ ಗೋಡೆಗಳನ್ನು ಸುತ್ತುವರಿಯುವ ಬಲವರ್ಧಿತ ಕಾಂಕ್ರೀಟ್ ಪಟ್ಟಿ.
2. ಕಲ್ಲುಗೋಡೆಯ ಎರಡೂ ಮುಖಗಳನ್ನು ಬೆಸೆಯುವ ಅಡ್ಡಗಲ್ಲುಗಳು (ಪ್ರತಿ 600 ಮಿ.ಮೀ. ಎತ್ತರಕ್ಕೆ, ಗರಿಷ್ಠ 1.2 ಮೀಟರ್ ಅಂತರದಲ್ಲಿ).
3. ಮೂಲೆಗಳಲ್ಲಿ ಗೋಡೆಗಳ ಭದ್ರ ಜೋಡಣೆ ಹಾಗೂ ಹಗುರ ಛಾವಣಿ.
4. ಕಪ್ಪುಮಣ್ಣಿನ ನೆಲದಲ್ಲಿ ಮಣ್ಣು ಪರೀಕ್ಷೆಯ ನಂತರವೇ ತಳಪಾಯ.

ಹಳೆಯ ಮಾಳಿಗೆ ಮನೆಗಳಲ್ಲಿ ವಾಸಿಸುವವರು ವರ್ಷವರ್ಷವೂ ಮೇಲ್ಮುದ್ದೆಗೆ ಹೊಸ ಮಣ್ಣು ಹಾಕಿ ಭಾರವನ್ನು ಹೆಚ್ಚಿಸದಿರಲು ಕೋರಲಾಗಿದೆ.