ಹುಸಿ ಇಟ್ಟಿಗೆ ಉದುರುವುದು ಭಾರಕ್ಕಲ್ಲ

ಮನೆಯಲ್ಲೇ ಅಚ್ಚಿನಲ್ಲಿ ಹೊಯ್ದ ತೆಳು ಇಟ್ಟಿಗೆ ಬಿಲ್ಲೆಗಳನ್ನು ಹಜಾರದ ಗೋಡೆಗೆ ಅಂಟಿಸಬೇಕೆಂದಿರುವ ಓದುಗರೊಬ್ಬರು ಕೇಳಿದ್ದಾರೆ: ಇಡೀ ಗೋಡೆಯ ಬಿಲ್ಲೆಗಳ ಭಾರ ಹೊರಲು ಎಂಥ ಗಟ್ಟಿ ಅಂಟು ಬೇಕು? ಈ ಭಯ ಸಹಜ. ಅಂಗಡಿಗಳಲ್ಲಿ ಅಂಟಿನ ಚೀಲಗಳ ಮೇಲೆ ವಿಶೇಷಣಗಳು ಹೆಚ್ಚಿದಂತೆಲ್ಲ ಬೆಲೆ ಏರುವುದೂ ಈ ಭಯದಿಂದಲೇ. ಆದರೆ ಕಾಗದ, ಪೆನ್ನು ಹಿಡಿದು ಕೂತರೆ ಭಯ ಐದು ನಿಮಿಷ ನಿಲ್ಲುವುದಿಲ್ಲ. ನಮ್ಮಲ್ಲಿ ಮಾನಕ ಇಟ್ಟಿಗೆಯ ಮುಖ 190 ಮಿಲಿಮೀಟರ್ ಉದ್ದ, 90 ಮಿಲಿಮೀಟರ್ ಎತ್ತರ. ಅದೇ ಅಳತೆಯಲ್ಲಿ 10 ಮಿಲಿಮೀಟರ್ ದಪ್ಪಕ್ಕೆ ಸಿಮೆಂಟು ಗಾರೆಯ ಬಿಲ್ಲೆ ಹೊಯ್ದರೆ ಅದರ ತೂಕ ಸುಮಾರು 340 ಗ್ರಾಂ. ಟೈಲ್ಸ್ ಅಂಟಿಸುವ ಸಾಧಾರಣ ದರ್ಜೆಯ ಸಿಮೆಂಟು ಅಂಟು ಕೂಡ ಪರೀಕ್ಷೆಯಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಅರ್ಧ ನ್ಯೂಟನ್ ಎಳೆತವನ್ನು ತಡೆಯಲೇಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಲೆಕ್ಕ ಹಾಕಿದರೆ, ಒಂದು ಬಿಲ್ಲೆಯ ಹಿಂದಿನ ಅಂಟು ಎಂಟುನೂರು ಕೆ.ಜಿ.ಗೂ ಮಿಕ್ಕಿದ ಎಳೆತವನ್ನು ತಾಳುತ್ತದೆ. ಪ್ರಯೋಗಾಲಯದ ಅಂಕಿ ಮನೆಯ ಗೋಡೆಗೆ ಹಾಗೆಯೇ ಹೊಂದುವುದಿಲ್ಲ, ಒಪ್ಪೋಣ. ಕೆಲಸ ಕೆಟ್ಟು ಅಂಟಿನ ಬಲ ನೂರರಲ್ಲಿ ಒಂದು ಪಾಲಷ್ಟೇ ಉಳಿಯಿತು ಎಂದಿಟ್ಟುಕೊಂಡರೂ ಎಂಟು ಕೆ.ಜಿ.ಯ ಶಕ್ತಿ ಮಿಗುತ್ತದೆ. ಹೊರಬೇಕಾದದ್ದು 340 ಗ್ರಾಂ.

ಹೀಗಿದ್ದೂ ಬಿಲ್ಲೆಗಳು ಉದುರುತ್ತವೆ ಎಂಬುದು ಸುಳ್ಳಲ್ಲ. ಅಂಟಿಸಿದ ವಾರದಲ್ಲಲ್ಲ, ಒಂದು ಬೇಸಿಗೆ ಕಳೆದ ಮೇಲೆ. ಭಾರವೇ ಕಾರಣವಾಗಿದ್ದರೆ ಅಂಟು ಹಸಿಯಾಗಿದ್ದ ಮೊದಲ ದಿನವೇ ಜಾರಿ ಬೀಳಬೇಕಿತ್ತು. ತಡವಾಗಿ ಉದುರುತ್ತವೆ ಎಂಬುದರಲ್ಲೇ ಸುಳಿವಿದೆ. ಸಿಮೆಂಟು ಗಾರೆ ಒಣಗುತ್ತ ಕುಗ್ಗುತ್ತದೆ, ಅದೂ ವಾರಗಟ್ಟಲೆ, ತಿಂಗಳುಗಟ್ಟಲೆ. ಈ ಕುಗ್ಗುವಿಕೆ ಸಾವಿರಕ್ಕೆ ಅರ್ಧದಿಂದ ಒಂದು ಪಾಲು. ಕೇಳಲು ಅಲ್ಪ, ಆದರೆ ಮೂರು ಮೀಟರ್ ಉದ್ದದ ಗೋಡೆಯಲ್ಲಿ ಅದು ಒಂದೂವರೆಯಿಂದ ಮೂರು ಮಿಲಿಮೀಟರ್. ಹಿಂದಿನ ಗೋಡೆ ಎಂದೋ ಒಣಗಿ ಕುಗ್ಗಿ ಮುಗಿದಿದೆ, ಅದು ಕದಲುವುದಿಲ್ಲ. ಮೇಲಿನ ಪದರ ಕುಗ್ಗಲು ಹವಣಿಸುತ್ತದೆ, ಅಂಟು ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಪದರದೊಳಗೆ ಹುಟ್ಟುವ ಎಳೆತ ಬಿಲ್ಲೆಯ ಭಾರ ಹುಟ್ಟಿಸುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಆದ್ದರಿಂದ ನನ್ನ ವಾದ ಇಷ್ಟು: ಹುಸಿ ಇಟ್ಟಿಗೆಯ ಗೋಡೆಯನ್ನು ಕಾಯುವುದು ಅಂಟಿನ ಬಲಕ್ಕಿಂತ ಹೆಚ್ಚಾಗಿ ಬಿಲ್ಲೆ ಬಿಲ್ಲೆಗಳ ನಡುವಿನ ಸಂದು. ಬರೀ ಅಂದಕ್ಕೆಂದು ನಾವು ಭಾವಿಸುವ ಆ ಗೆರೆಗಳೇ ಇಲ್ಲಿ ನಿಜವಾಗಿ ದುಡಿಯುತ್ತವೆ.

ಇದನ್ನು ನೋಡಲು ಬಯಲುಸೀಮೆಯ ಯಾವುದಾದರೂ ಕೆರೆಯ ಅಂಗಳಕ್ಕೆ ಏಪ್ರಿಲ್ ತಿಂಗಳಲ್ಲಿ ಹೋಗಬೇಕು. ನೀರು ಹಿಂಜರಿದ ಕಡೆ ಹೂಳು ಒಣಗಿ, ಬಿರುಕು ಬಿಟ್ಟು, ಬಿಲ್ಲೆ ಬಿಲ್ಲೆಯಾಗಿ ಒಡೆದಿರುತ್ತದೆ. ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ. ಕೆಳಗಿನ ಹಸಿಮಣ್ಣು ಇನ್ನೂ ಕುಗ್ಗಿಲ್ಲವಾಗಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಳೆತ ತಾಳಲಾರದ ಜಾಗದಲ್ಲಿ ಮೇಲಿನ ಪದರ ಸೀಳುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಇನ್ನೂ ಎರಡು ಸಂಗತಿಗಳನ್ನು ಬಗ್ಗಿ ನೋಡಬೇಕು. ಒಂದು, ಹೂಳು ತೆಳುವಾಗಿರುವ ಅಂಚಿನಲ್ಲಿ ಬಿಲ್ಲೆಗಳು ಅಂಗೈಯಷ್ಟು ಸಣ್ಣವು, ದಪ್ಪ ಹೂಳಿರುವ ಒಡಲಿನಲ್ಲಿ ಊಟದ ತಟ್ಟೆಗಿಂತ ದೊಡ್ಡವು. ಪದರ ದಪ್ಪವಾದಷ್ಟೂ ಬಿರುಕುಗಳ ನಡುವಣ ಅಂತರ ಹಿಗ್ಗುತ್ತದೆ. ಎರಡು, ಬಿಲ್ಲೆಯ ನಡುಭಾಗ ನೆಲಕ್ಕೆ ಅಂಟಿಕೊಂಡೇ ಇದ್ದರೂ ಅಂಚುಗಳು ಮಾತ್ರ ಮೇಲಕ್ಕೆ ಸುರುಳಿಕೊಂಡಿರುತ್ತವೆ. ಬಿರುಕು ಬಿಟ್ಟ ಮೇಲೆ ಬಿಲ್ಲೆಯೊಳಗಿನ ಎಳೆತ ಸಡಿಲಾಗಿರುತ್ತದೆ, ಆದರೆ ಅಳಿದುಳಿದದ್ದೆಲ್ಲ ಅಂಚಿಗೆ ಬಂದು ನಿಂತು ಅಲ್ಲಿಂದ ನೆಲ ಬಿಡಿಸಲು ನೋಡುತ್ತದೆ. ಗೋಡೆಯ ಮೇಲೆ ನಡೆಯುವುದೂ ಅಕ್ಷರಶಃ ಇದೇ. ಟೇಪ್ ಅಂಟಿಸಿ, ಅದರ ಮೇಲೆ ಗಾರೆ ಮೆತ್ತಿ, ಹಸಿಯಿರುವಾಗಲೇ ಟೇಪ್ ಕಿತ್ತು ಸಂದು ಮೂಡಿಸುವ ಒಂದು ವಿಧಾನ ವಿಡಿಯೊಗಳಲ್ಲಿ ಜನಪ್ರಿಯವಾಗಿದೆ. ಅಲ್ಲಿ ಟೇಪು ಮಾಡುವ ಕೆಲಸ ಕೆರೆಯ ಬಿಸಿಲು ಮಾಡುವ ಕೆಲಸವೇ: ಪದರವನ್ನು ಅದು ತಾನಾಗಿ ಒಡೆಯುವ ಮೊದಲೇ ಅಚ್ಚುಕಟ್ಟಾಗಿ ಒಡೆದಿಡುತ್ತದೆ. ಬದಲಿಗೆ ಗೋಡೆಗೆಲ್ಲ ಒಂದೇ ಪದರ ಬಳಿದು, ಮೇಲೆ ಮೊಳೆಯಿಂದ ಇಟ್ಟಿಗೆಯ ಗೆರೆ ಗೀಚುವುದುಂಟು. ಗೆರೆ ತಳದವರೆಗೂ ಇಳಿಯದಿದ್ದರೆ ಅದು ಬರೀ ಚಿತ್ರ. ಬಿರುಕು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಬಿಲ್ಲೆ ಯಾವಾಗ ಏಳುತ್ತದೆ ಎಂಬುದಕ್ಕೆ ಲೆಕ್ಕ ಕೊಟ್ಟ ಕೀರ್ತಿ ಗಾಜು ಒಡೆಯುವುದನ್ನು ಅಭ್ಯಾಸ ಮಾಡುತ್ತಿದ್ದ ಎಂಜಿನಿಯರ್ ಒಬ್ಬನದು. ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬಿರುಕು ಮುಂದುವರಿಯುವುದು ವಸ್ತುವಿನಲ್ಲಿ ಕೂಡಿಟ್ಟ ಶಕ್ತಿ ಹೊಸ ಮೇಲ್ಮೈ ತೆರೆಯಲು ಬೇಕಾದ ಖರ್ಚನ್ನು ಮೀರಿದಾಗ ಎಂದು ತೋರಿಸಿದ. ಅದನ್ನು ಗೋಡೆಯ ಪದರಕ್ಕೆ ಅನ್ವಯಿಸಿದರೆ ಎರಡು ಫಲಿತಾಂಶ ಸಿಗುತ್ತವೆ. ಕೂಡಿಟ್ಟ ಶಕ್ತಿ ಪದರದ ದಪ್ಪದ ಜೊತೆ ನೇರವಾಗಿ ಏರುತ್ತದೆ. ಕುಗ್ಗುವಿಕೆಯ ಜೊತೆಗಾದರೆ ಅದರ ವರ್ಗವಾಗಿ. ಎಂದರೆ, ಗಟ್ಟಿಮುಟ್ಟಾಗಿರಲಿ ಎಂದು 10ರ ಬದಲು 20 ಮಿಲಿಮೀಟರ್ ದಪ್ಪಕ್ಕೆ ಹೊಯ್ದವರು ಸಿಡಿದೇಳುವ ಶಕ್ತಿಯನ್ನು ಇಮ್ಮಡಿ ಮಾಡಿಕೊಂಡರು. ಅಂಟಿಸುವ ಮೊದಲೇ ಅರ್ಧದಷ್ಟು ಕುಗ್ಗಿಸಿಕೊಂಡವರು ಅದನ್ನು ಕಾಲುಭಾಗಕ್ಕೆ ಇಳಿಸಿಕೊಂಡರು. ಅಚ್ಚಿನ ಬಿಲ್ಲೆಗೆ ಟೇಪಿನ ವಿಧಾನದ ಮೇಲಿರುವ ಮೇಲುಗೈ ಇಲ್ಲಿದೆ. ಹೊಯ್ದ ಬಿಲ್ಲೆಯನ್ನು ವಾರವೊಂದು ಒದ್ದೆ ಗೋಣಿಯಡಿ ಕ್ಯೂರಿಂಗ್ ಮಾಡಿ, ಆಮೇಲೆ ನೆರಳಲ್ಲಿ, ಗಾಳಿಯಾಡುವಂತೆ ಅಂಚಿನ ಮೇಲೆ ನಿಲ್ಲಿಸಿ ಮೂರು ವಾರ ಒಣಗಿಸಿದರೆ ಅದು ಯಾರ ಹಂಗೂ ಇಲ್ಲದೆ ಬಹುಪಾಲು ಕುಗ್ಗಿ ಮುಗಿಸಿರುತ್ತದೆ. ಭಾನುವಾರ ಹೊಯ್ದು ಮುಂದಿನ ಭಾನುವಾರ ಅಂಟಿಸುವ ಅವಸರವೇ ಹೆಚ್ಚಿನ ಗೋಡೆಗಳ ಕಾಯಿಲೆ.

ಹುಸಿ ಇಟ್ಟಿಗೆ ಇಂದಿನ ಶೋಕಿಯೇನಲ್ಲ. ಅದರ ಬಾಳಿಕೆಗೆ ಮುನ್ನೂರು ವರ್ಷಗಳ ಸಾಕ್ಷ್ಯವಿದೆ. ಇಂಗ್ಲೆಂಡಿನ ಆಗ್ನೇಯ ಭಾಗದ ಕೆಂಟ್, ಸಸೆಕ್ಸ್ ಪ್ರಾಂತಗಳಲ್ಲಿ 18ನೇ ಶತಮಾನದ ಅನೇಕ ಮನೆಗಳು ಅಪ್ಪಟ ಇಟ್ಟಿಗೆಯವಂತೆ ಕಾಣುತ್ತವೆ, ಆದರೆ ಒಳಗಿರುವುದು ಮರದ ಚೌಕಟ್ಟು. ಹೊರಗಿರುವುದು ಗಣಿತದ ಹೆಂಚು ಎಂದು ಕರೆಯುವ ವಿಚಿತ್ರ ಆಕಾರದ ಸುಟ್ಟ ಜೇಡಿಯ ಬಿಲ್ಲೆಗಳು. ಪ್ರತಿ ಹೆಂಚಿನ ಮೇಲರ್ಧ ತೆಳುವಾಗಿ ಮೇಲಿನ ಸಾಲಿನ ಹಿಂದೆ ಅಡಗುತ್ತದೆ, ಕೆಳಗಿನ ಉಬ್ಬಿದ ಭಾಗ ಮಾತ್ರ ಇಟ್ಟಿಗೆಯ ಮುಖದಂತೆ ಹೊರಗೆ ಕಾಣುತ್ತದೆ. 1784ರಲ್ಲಿ, ಅಮೆರಿಕದ ಯುದ್ಧದ ಸಾಲದ ಹೊರೆಯಲ್ಲಿ, ಬ್ರಿಟನ್ ಇಟ್ಟಿಗೆಗೆ ತೆರಿಗೆ ಹಾಕಿತು; ಅದನ್ನು ತಪ್ಪಿಸಲು ಜನ ಈ ಹೆಂಚು ಕಂಡುಹಿಡಿದರು ಎಂಬ ಸೊಗಸಾದ ಕಥೆ ಎಲ್ಲೆಡೆ ಓಡಾಡುತ್ತಿದೆ. ಕಥೆ ನಿಲ್ಲುವುದಿಲ್ಲ. ಸರ್ರೆಯ ವೆಸ್ಟ್‌ಕಾಟ್‌ನಲ್ಲಿ 1724ರ ಇಸವಿ ಕೆತ್ತಿದ ಇಂಥ ಗೋಡೆ ಇದೆ. ಸಾಲದ್ದಕ್ಕೆ ಹೆಂಚಿಗೂ ತೆರಿಗೆ ಇತ್ತು. ತೆರಿಗೆಗಿಂತ ಫ್ಯಾಷನ್ನೇ ಕಾರಣವಾಗಿರಬೇಕು: ಹಳೆಯ ಮರದ ಮನೆಗೆ ಕಡಿಮೆ ಖರ್ಚಿನಲ್ಲಿ ಹೊಸ ಮುಖ. ನಮಗೆ ಮುಖ್ಯವಾದದ್ದು ಅವು ನಿಂತಿರುವ ಬಗೆ. ಬ್ರೈಟನ್ನಿನ ರಾಯಲ್ ಕ್ರೆಸೆಂಟ್ ಮನೆಸಾಲು 1799 ಮತ್ತು 1807ರ ನಡುವೆ ಕಟ್ಟಿದ್ದು, ಕಪ್ಪು ಮೆರುಗಿನ ಗಣಿತದ ಹೆಂಚು ಹೊದ್ದು ಸಮುದ್ರಕ್ಕೆ ಎದುರಾಗಿ ಇಂದಿಗೂ ನಿಂತಿದೆ. ಹೆಂಚನ್ನು ಪಟ್ಟಿಗೆ ಮೊಳೆಯಿಂದ ತೂಗುಹಾಕಿ, ಸಂದಿಗೆ ಮೆದುವಾದ ಸುಣ್ಣದ ಗಾರೆ ತುಂಬುವುದು ವಾಡಿಕೆ. ಮರ ಮಳೆಗಾಲದಲ್ಲಿ ಉಬ್ಬಲಿ, ಬೇಸಿಗೆಯಲ್ಲಿ ಕುಗ್ಗಲಿ, ಪ್ರತಿ ಹೆಂಚಿಗೂ ತನ್ನ ಪಾಡಿಗೆ ತಾನು ತುಸು ಅಲ್ಲಾಡುವ ಅವಕಾಶ. ಗಟ್ಟಿ ಅಂಟಿನ ಸುಳಿವೇ ಇಲ್ಲದ ಈ ಗೋಡೆಗಳು ನನ್ನ ವಾದಕ್ಕೆ ಸಿಗುವ ಅತಿ ದೊಡ್ಡ ಪುರಾವೆ.

ಸುಟ್ಟ ಜೇಡಿಗೆ ಇನ್ನೊಂದು ಚಾಳಿಯಿದೆ: ಸಿಮೆಂಟು ಕುಗ್ಗಿದರೆ ಇದು ಹಿಗ್ಗುತ್ತದೆ. ಗೂಡಿನಿಂದ ಹೊರಬಂದ ಕ್ಷಣದಿಂದ ಇಟ್ಟಿಗೆ ಗಾಳಿಯ ತೇವವನ್ನು ರಾಸಾಯನಿಕವಾಗಿ ಹೀರಿಕೊಳ್ಳುತ್ತ, ಬಿಸಿಲಲ್ಲಿ ಒಣಗಿಸಿದರೂ ಹಿಂದೆ ಸರಿಯದಂತೆ, ವರ್ಷಗಟ್ಟಲೆ ಬೆಳೆಯುತ್ತದೆ. ಪಿಂಗಾಣಿಯ ಮೆರುಗು ಹಳೆಯದಾದಂತೆ ಬಲೆಬಲೆಯಾಗಿ ಸೀಳುವುದಕ್ಕೆ ಇದೇ ಕಾರಣವೆಂದು ಅಮೆರಿಕದ ಸಂಶೋಧಕ ಷುರೆಕ್ಟ್ 1928ರಲ್ಲಿ ಗುರುತಿಸಿದರು. ಈ ಬೆಳವಣಿಗೆಯ ಲಯವನ್ನು ಮ್ಯಾಂಚೆಸ್ಟರಿನ ಮೊಯಿರಾ ವಿಲ್ಸನ್ ಮತ್ತು ಸಂಗಡಿಗರು 2003ರಲ್ಲಿ ಅಳೆದು ತೋರಿಸಿದರು: ಹಿಗ್ಗುವಿಕೆ ಕಾಲದ ನಾಲ್ಕನೇ ಮೂಲಕ್ಕೆ ಅನುಗುಣವಾಗಿರುತ್ತದೆ. ಕಾಲ ಹದಿನಾರು ಪಟ್ಟಾದರೆ ಹಿಗ್ಗುವಿಕೆ ಎರಡು ಪಟ್ಟು. ಈ ನಿಯಮ ಎಷ್ಟು ಕರಾರುವಾಕ್ಕೆಂದರೆ, ಅದನ್ನೇ ಬಳಸಿ ಮಡಕೆ ಚೂರುಗಳ ವಯಸ್ಸು ಹೇಳುವ ವಿಧಾನವನ್ನು ಅದೇ ತಂಡ 2009ರಲ್ಲಿ ಮುಂದಿಟ್ಟಿತು. ನಿಜ ಇಟ್ಟಿಗೆಯನ್ನೇ ಕಟರ್‌ನಲ್ಲಿ ಸೀಳಿ ಬಿಲ್ಲೆ ಮಾಡಿಕೊಳ್ಳುವವರಿಗೆ ಇದರ ಅರ್ಥ ಸರಳ. ಗೂಡಿನಿಂದ ಆಗಷ್ಟೇ ಇಳಿದ ಇಟ್ಟಿಗೆ ಬೇಡ. ಕೆಡವಿದ ಹಳೇ ಮನೆಯ ಇಟ್ಟಿಗೆ ಹಿಗ್ಗುವ ಕೆಲಸವನ್ನು ಹೆಚ್ಚುಕಡಿಮೆ ಮುಗಿಸಿರುತ್ತದೆ, ನೋಡಲೂ ಚೆಂದ. (ಸೀಳುವಾಗ ನೀರು ಬಿಟ್ಟುಕೊಂಡೇ ಸೀಳಬೇಕು. ಇಟ್ಟಿಗೆಯ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಮತ್ತೆ ಹೊರಬರುವುದಿಲ್ಲ. ಬಾಯಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯುವುದಿಲ್ಲ.)

ಇಲ್ಲಿ ಜಾಣ ಓದುಗರು ಆಕ್ಷೇಪ ಎತ್ತಬಹುದು. ಕುಗ್ಗುವಿಕೆಯೇ ಶತ್ರುವಾದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿಲ್ಲೆಯೇ ಎಲ್ಲಕ್ಕಿಂತ ಮೇಲಲ್ಲವೆ? ಅದು ಗಟ್ಟಿಯಾಗುವಾಗ ಕುಗ್ಗುವ ಬದಲು ಕೂದಲೆಳೆಯಷ್ಟು ಹಿಗ್ಗುತ್ತದೆ. ಅಚ್ಚಿನ ಮೂಲೆಮೂಲೆಯೂ ಚೊಕ್ಕವಾಗಿ ಮೂಡುವುದು ಅದರಿಂದಲೇ. ಗಾರೆಗಿಂತ ಹಗುರ ಬೇರೆ. ಆಕ್ಷೇಪ ಸರಿಯಾದದ್ದು, ಒಣ ಕೋಣೆಯ ಒಳಗೋಡೆಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಗಟ್ಟಿಯಾದ ಪ್ಲಾಸ್ಟರ್ ಎಂದರೆ ಜಿಪ್ಸಮ್, ಅದು ನೀರಿನಲ್ಲಿ ತುಸು ಕರಗುತ್ತದೆ, ಲೀಟರಿಗೆ ಎರಡು ಗ್ರಾಂ ಚಿಲ್ಲರೆ. ತೇವ ಸೋಕಿದರೆ ಬಲವೂ ಕುಸಿಯುತ್ತದೆ. ಬಚ್ಚಲು, ಅಡುಗೆಮನೆಯ ಸಿಂಕಿನ ಹಿಂಬದಿ ಅದಕ್ಕೆ ತಕ್ಕ ಜಾಗವಲ್ಲ. ಅದಕ್ಕಿಂತ ದೊಡ್ಡ ಅಪಾಯ, ಪಿಒಪಿ ಬಿಲ್ಲೆಯನ್ನು ಸಿಮೆಂಟು ಅಂಟಿನಿಂದ ನೇರವಾಗಿ ಅಂಟಿಸುವುದು. ತೇವ ಸಿಕ್ಕಾಗ ಜಿಪ್ಸಮ್ಮಿನ ಸಲ್ಫೇಟು ಸಿಮೆಂಟಿನ ಅಲ್ಯುಮಿನೇಟಿನ ಜೊತೆ ಕೂಡಿ ಎಟ್ರಿಂಗೈಟ್ ಎಂಬ ಸೂಜಿಯಂಥ ಹರಳುಗಳಾಗಿ ಬೆಳೆಯುತ್ತದೆ. ಹರಳಿನ ಒಂದೊಂದು ಘಟಕದಲ್ಲೂ ನೀರಿನ 32 ಅಣುಗಳು ಅಡಕವಾಗಿರುತ್ತವೆ. ಹೀಗೆ ಉಬ್ಬುವ ಹರಳು ಬಿಲ್ಲೆಯನ್ನು ಹಿಂದಿನಿಂದ ನೂಕುತ್ತದೆ. ಉದುರಿದ ಇಂಥ ಬಿಲ್ಲೆಯನ್ನು ಎತ್ತಿ ನೋಡಿದರೆ ಬೆನ್ನು ನುಣುಪಾಗಿ, ಬಿಳಿ ಹುಡಿ ಮೆತ್ತಿಕೊಂಡಿರುತ್ತದೆ, ಅಂಟೆಲ್ಲ ಗೋಡೆಯಲ್ಲೇ ಗಟ್ಟಿಯಾಗಿ ಉಳಿದಿರುತ್ತದೆ. ಜನ ಅಂಟನ್ನು ಬೈಯುತ್ತಾರೆ. ಪಿಒಪಿಗೆ ಬಕೆಟ್ಟಿನಲ್ಲಿ ಸಿಗುವ ಅಕ್ರಿಲಿಕ್ ಅಂಟು ಬಳಸಬೇಕು, ಇಲ್ಲವೇ ಬೆನ್ನಿಗೆ ಪ್ರೈಮರ್ ಬಳಿದು ಒಣಗಿಸಿ ಆಮೇಲೆ ಸಿಮೆಂಟು ಅಂಟು.

ಹಾಗಾದರೆ ಅಂಟು ಲೆಕ್ಕಕ್ಕಿಲ್ಲವೆ ಎಂದರೆ, ಇದೆ. ಆದರೆ ಅದರ ಬಲಕ್ಕಿಂತ ಅದು ಏನನ್ನು ಹಿಡಿದಿದೆ ಎಂಬುದು ಮುಖ್ಯ. ಹಳೆಯ ಡಿಸ್ಟೆಂಪರ್ ಮೇಲೆ ಅಂಟಿಸಿದರೆ ಅಂಟು ಡಿಸ್ಟೆಂಪರನ್ನು ಹಿಡಿಯುತ್ತದೆ, ಗೋಡೆಯನ್ನಲ್ಲ. ಬಣ್ಣ, ಪುಟ್ಟಿ ಕೆರೆದು ಗಿಲಾವು ಕಾಣುವಂತೆ ಮಾಡಬೇಕು. ಬೆರಳಿನ ಗೆಣ್ಣಿಂದ ತಟ್ಟಿದಾಗ ಗಿಲಾವೇ ಟೊಳ್ಳು ಸದ್ದು ಮಾಡಿದರೆ ಅದನ್ನೂ ತೆಗೆಯಬೇಕು. ಇನ್ನು ನೀರು. ಒಣ ಗೋಡೆಯೂ ಒಣ ಬಿಲ್ಲೆಯೂ ನಡುವಿನ ಮೂರು ಮಿಲಿಮೀಟರ್ ಅಂಟಿನ ನೀರನ್ನು ಎರಡೂ ಕಡೆಯಿಂದ ಹೀರುತ್ತವೆ. ನೀರಿಲ್ಲದ ಸಿಮೆಂಟು ಗಟ್ಟಿಯಾಗುವುದಿಲ್ಲ, ಒಣ ಹುಡಿಯಾಗಿ ಉಳಿಯುತ್ತದೆ. ಹಿಂದಿನ ಮೇಸ್ತ್ರಿಗಳು ಗೋಡೆಗೆ ನೀರು ಚಿಮುಕಿಸಿ, ಅರ್ಧ ಇಂಚು ದಪ್ಪ ಗಾರೆ ಹಾಕುತ್ತಿದ್ದದ್ದು ಇದಕ್ಕೇ. 1950ರ ದಶಕದಲ್ಲಿ ಅಮೆರಿಕದ ರಸಾಯನ ಎಂಜಿನಿಯರ್ ಹೆನ್ರಿ ರಾತ್‌ಬರ್ಗ್ ಸಿಮೆಂಟಿಗೆ ಲ್ಯಾಟೆಕ್ಸ್ ಬೆರೆಸಿ ತೆಳು ಅಂಟಿನ ದಾರಿ ತೆರೆದರು. ಇಂದಿನ ಚೀಲಗಳಲ್ಲಿ ಪಾಲಿಮರ್ ಪುಡಿಯ ಜೊತೆ ನೀರನ್ನು ಬಿಗಿಹಿಡಿಯುವ ಸೆಲ್ಯುಲೋಸ್ ಈಥರ್ ಕೂಡ ಇರುತ್ತದೆ. ಪಾಲಿಮರ್ ಅಂಟನ್ನು ಗಟ್ಟಿ ಮಾಡುವುದಕ್ಕಿಂತ ಮಿಗಿಲಾಗಿ ಅದಕ್ಕೆ ತುಸು ಬಳುಕನ್ನು ಕೊಡುತ್ತದೆ ಎಂಬುದನ್ನು ಜಾಹೀರಾತು ಹೇಳದಿರುವುದು ಸೋಜಿಗ, ಅಲ್ಲಿ ಕೊಳ್ಳಬೇಕಾದ ಗುಣವೇ ಅದು. ಬಳಿದ ಅಂಟು ಕೆಲವೇ ನಿಮಿಷಗಳಲ್ಲಿ ಕೆನೆ ಕಟ್ಟುತ್ತದೆ. ಬೆರಳು ಒತ್ತಿ ತೆಗೆದಾಗ ತುದಿಗೆ ಮೆತ್ತಿಕೊಳ್ಳದಿದ್ದರೆ ಅದು ಸತ್ತಂತೆ. ಮೇಲೆ ನೀರು ಚಿಮುಕಿಸಿ ಬದುಕಿಸಲು ಹೋಗದೆ ಕೆರೆದು ಬಿಸಾಡಿ ಹೊಸದು ಬಳಿಯಬೇಕು.

ಸಂದಿಗೆ ಏನು ತುಂಬಬೇಕು ಎಂಬುದರಲ್ಲಿ ಎಲ್ಲ ಲೆಕ್ಕವೂ ಬಂದು ಕೂಡುತ್ತದೆ. ಗಟ್ಟಿಯಾಗಿರಲಿ ಎಂದು ಒಂದಕ್ಕೆ ಮೂರರ ಸಿಮೆಂಟು ಗಾರೆ ತುಂಬಿದರೆ ಅಷ್ಟು ಹೊತ್ತು ಬಿಡಿಬಿಡಿಯಾಗಿದ್ದ ಬಿಲ್ಲೆಗಳನ್ನು ಮತ್ತೆ ಒಂದೇ ಹಾಳೆಯಾಗಿ ಬೆಸೆದಂತಾಯಿತು. ಸಿಮೆಂಟು ಒಂದು, ಸುಣ್ಣ ಒಂದು, ಮರಳು ಆರು, ಈ ಪ್ರಮಾಣದ ಗಾರೆ ಬಿಲ್ಲೆಗಿಂತ ಮೆದು. ಬಿರುಕು ಬಿಡುವುದಿದ್ದರೆ ಅದು ಬಿಡುತ್ತದೆ, ಬಿಲ್ಲೆ ಉಳಿಯುತ್ತದೆ. ಗೋಡೆ ತಾರಸಿಗೂ ಪಕ್ಕದ ಗೋಡೆಗೂ ಕೂಡುವ ಕಡೆ ಐದು ಮಿಲಿಮೀಟರ್ ಬಿಟ್ಟು ಸೀಲಂಟ್ ತುಂಬಿದರೆ ಸಾಕು. ಇದೆಲ್ಲ ಸುಳ್ಳು ವೇಷ, ಇಟ್ಟಿಗೆಯಲ್ಲದ್ದನ್ನು ಇಟ್ಟಿಗೆ ಎನ್ನುವುದು ತಪ್ಪು ಎಂಬ ಮಾತೂ ಇದೆ. ಗಾರೆಗೆ ಗೆರೆ ಕೊರೆದು ಕಲ್ಲೆನ್ನುವುದನ್ನು 1849ರಲ್ಲೇ ಇಂಗ್ಲಿಷ್ ಕಲಾವಿಮರ್ಶಕ ಜಾನ್ ರಸ್ಕಿನ್ ಕಟುವಾಗಿ ಖಂಡಿಸಿದ್ದ. ಆದರೆ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪಡೆದ ಪೇಟೆಂಟೇ ಕೃತಕ ಕಲ್ಲು ಮಾಡುವ ಸುಧಾರಿತ ವಿಧಾನದ್ದು. ಸಿಮೆಂಟಿನ ಮನೆಯಲ್ಲಿ ಕೂತು ಹುಸಿತನವನ್ನು ಹಳಿಯಲು ಬಾಯಿ ಬರುವುದಿಲ್ಲ. ನನ್ನ ತಕರಾರು ಬೇರೆಡೆ ಇದೆ. ಮನೆಯಲ್ಲಿ ಹೊಯ್ದ ಬಿಲ್ಲೆಯನ್ನು ಹೊರಗೋಡೆಗೆ, ಅದರಲ್ಲೂ ಪಡುವಣ ಬಿಸಿಲು, ಮುಂಗಾರಿನ ಜಡಿಮಳೆ ಎರಡೂ ಹೊಡೆಯುವ ಮುಖಕ್ಕೆ, ಅಂಟೊಂದನ್ನೇ ನಂಬಿ ಹಚ್ಚಬಾರದು. ಅಲ್ಲಿ 30 ಡಿಗ್ರಿ ಏರಿಳಿತಕ್ಕೆ ಮೂರು ಮೀಟರ್ ಗಾರೆ ಒಂದು ಮಿಲಿಮೀಟರಿನಷ್ಟು ಹಿಗ್ಗಿದರೆ ಹಿಂದಿನ ಸುಟ್ಟ ಇಟ್ಟಿಗೆ ಅದರ ಅರ್ಧದಷ್ಟೇ ಹಿಗ್ಗುತ್ತದೆ, ಅದೂ ದಿನದಿನವೂ. ಬಾಗಿಲ ಮೇಲ್ಭಾಗ, ಜನ ಓಡಾಡುವ ಜಾಗದ ಎತ್ತರದ ಗೋಡೆ ಇವಕ್ಕಂತೂ ಗಣಿತದ ಹೆಂಚಿನವರ ಹಾಗೆ ಮೊಳೆಯೋ ಕ್ಲಾಂಪೋ ಬೇಕೇ ಬೇಕು. ಅಷ್ಟು ರೇಜಿಗೆ ಬೇಡವೆನಿಸಿದರೆ ಹಜಾರದ ಒಳಗೋಡೆಗೇ ಕೆಲಸ ನಿಲ್ಲಿಸಬಹುದು. ಮಾನಕ ಅಳತೆಯ ಬಿಲ್ಲೆಯಾದರೆ ಸಂದೂ ಸೇರಿ ಚದರ ಮೀಟರಿಗೆ ಸರಿಯಾಗಿ 50 ಹಿಡಿಯುತ್ತವೆ; ಒಡೆಯುವವಕ್ಕೆಂದು ಐದಾರು ಹೆಚ್ಚು ಹೊಯ್ದಿಟ್ಟುಕೊಳ್ಳಿ.