ನಿಮಗಿದು ಗೊತ್ತೆ? ಆಗುಂಬೆ ಘಾಟಿ ಮತ್ತು ಹಳೇ ಬ್ಯಾಟರಿ

ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ವಿದ್ಯುತ್ ಕಾರು ‘ರೇವಾ’ದಲ್ಲಿ ತಲಾ 6 ವೋಲ್ಟ್‌ನ ಎಂಟು ಸೀಸ–ಆಮ್ಲ ಬ್ಯಾಟರಿಗಳಿದ್ದವು. ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಿಸದಿದ್ದರೆ ಅವು ಬೇಗ ಕೈಕೊಡುತ್ತಿದ್ದವು. 2013ರಲ್ಲಿ ಬಂದ ಮಹೀಂದ್ರ ‘ಇ2ಒ’ ಕಾರಿನ ಲಿಥಿಯಂ ಬ್ಯಾಟರಿಗೆ ಆ ಆರೈಕೆ ಬೇಕಿಲ್ಲ. ಆದರೆ ಮುಪ್ಪು ಅದನ್ನೂ ಬಿಟ್ಟಿಲ್ಲ.

ಆ ಮುಪ್ಪು ಚೆನ್ನಾಗಿ ಗೊತ್ತಾಗುವುದು ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ತಿರುವುಗಳಲ್ಲಿ. ಜನರೂ ಸೇರಿ 1000 ಕೆ.ಜಿ. ತೂಗುವ ಕಾರು 500 ಮೀಟರ್ ಮೇಲೇರಲು ಸುಮಾರು 1.4 ಯೂನಿಟ್ ವಿದ್ಯುತ್ ಬೇಕು; ಇದು ಬರೀ ಎತ್ತರದ ಲೆಕ್ಕ, ಟೈರು, ಮೋಟರುಗಳ ನಷ್ಟ ಬೇರೆ. ಹೊಸದಾಗಿದ್ದಾಗ 10 ಯೂನಿಟ್ ಹಿಡಿಯುತ್ತಿದ್ದ ಬ್ಯಾಟರಿ ಈಗ ಏಳನ್ನಷ್ಟೇ ಹಿಡಿದರೆ, ಐದರಲ್ಲೊಂದು ಪಾಲು ಘಾಟಿಗೇ ಖರ್ಚು. ಇನ್ನೊಂದು ತೊಡಕೂ ಇದೆ. ಹಳೇ ಬ್ಯಾಟರಿಯ ಒಳಗಿನ ವಿದ್ಯುತ್ ಪ್ರತಿರೋಧ ಹೆಚ್ಚಿರುತ್ತದೆ. ಏರಿನಲ್ಲಿ ಮೋಟರು ಜೋರಾಗಿ ಕರೆಂಟು ಎಳೆದಾಗ ವೋಲ್ಟೇಜ್ ಥಟ್ಟನೆ ಕುಸಿಯುತ್ತದೆ, ಬ್ಯಾಟರಿ ಬಿಸಿಯೇರುತ್ತದೆ. ಮೀಟರಿನಲ್ಲಿ ಚಾರ್ಜ್ ಇದ್ದಂತೆ ಕಂಡರೂ ಕಾರು ಸೊರಗುವುದು ಇದಕ್ಕೇ. ನಿಧಾನವಾಗಿ ಹತ್ತುವುದೇ ಅದಕ್ಕೆ ನಾವು ಮಾಡುವ ದೊಡ್ಡ ಉಪಕಾರ.

ಇಳಿಯುವಾಗ ಮೋಟರೇ ಜನರೇಟರ್ ಆಗಿ, ಖರ್ಚಾದದ್ದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಕಾರಿನ ವೇಗಕ್ಕೂ ಕಡಿವಾಣ ಬೀಳುತ್ತದೆ. ಆದರೆ ಪೂರ್ತಿ ಚಾರ್ಜ್ ಆದ ಬ್ಯಾಟರಿ ಈ ವಿದ್ಯುತ್ತನ್ನು ತೆಗೆದುಕೊಳ್ಳದು, ಆಗ ಭಾರವೆಲ್ಲ ಬ್ರೇಕಿನ ಮೇಲೆ. ಆಗುಂಬೆಯಲ್ಲಿ ಚಾರ್ಜ್ ಮಾಡಿ ಉಡುಪಿ ಕಡೆಗೆ ಇಳಿಯುವವರು 80–85%ಗೇ ಪ್ಲಗ್ ತೆಗೆಯುವುದು ಒಳ್ಳೆಯದು.